ಬೋಟಿನ ನೆಲಕ್ಕೆ ಸಾಗವಾನಿ ಹಾಸುವುದು ಹೇಗೆ?

ಬೇಸಿಗೆ ಬಂತೆಂದರೆ ತುಂಗಭದ್ರಾ ಹಿನ್ನೀರು ದೂರ ಸರಿಯುತ್ತದೆ. ದಂಡೆಗೆ ಎಳೆದಿಟ್ಟ ಬೋಟು 40 ಡಿಗ್ರಿ ದಾಟಿದ ಬಿಸಿಲಲ್ಲಿ ತಿಂಗಳುಗಟ್ಟಲೆ ಒಣಗುತ್ತದೆ. ಮಳೆಗಾಲದಲ್ಲಿ ಹೊಸ ನೀರು ಬಂದಾಗ ಮತ್ತೆ ನೀರಿಗಿಳಿಯುತ್ತದೆ. ಒಂದೇ ವರ್ಷದಲ್ಲಿ ಇಷ್ಟು ಒಣಗಿ ಇಷ್ಟು ನೆನೆಯುವ ನೆಲಕ್ಕೆ ಸಾಗವಾನಿಯಷ್ಟು ಒಗ್ಗುವ ಕಟ್ಟಿಗೆ ನಾನು ಕಂಡಿಲ್ಲ. ಅದರೊಳಗಿನ ಎಣ್ಣೆ ನೀರನ್ನು ತಡೆಯುತ್ತದೆ, ಹುಳ ಹತ್ತಗೊಡುವುದಿಲ್ಲ. ಒದ್ದೆ ಕಾಲೂ ಸುಲಭಕ್ಕೆ ಜಾರುವುದಿಲ್ಲ. ಆದರೆ ಅದೇ ಎಣ್ಣೆ ಅಂಟಿಗೆ ವೈರಿ.

ಮುನಿರಾಬಾದ್ ಹತ್ತಿರ ನಮ್ಮಣ್ಣನ 16 ಅಡಿ ಫೈಬರ್ ಬೋಟಿಗೆ ಕಳೆದ ಚಳಿಗಾಲ ಎರಡನೇ ಸಲ ನೆಲ ಹಾಕಿದೆವು. ಮೊದಲನೆಯದು ಎರಡೇ ಮಳೆಗಾಲಕ್ಕೆ ಎದ್ದು ಬಂದಿತ್ತು. ಕಟ್ಟಿಗೆಯಲ್ಲಿ ದೋಷವಿರಲಿಲ್ಲ. ಅಡಿಯ ಪ್ಲೈವುಡ್ ಕೊಳೆತಿತ್ತು, ಸಂದಿಗೆ ತುಂಬಿದ್ದು ಬಿಟ್ಟುಕೊಂಡಿತ್ತು. ಹಾಗಾಗಿ ಈ ಎರಡರ ಬಗ್ಗೆಯೇ ಇಲ್ಲಿ ಹೆಚ್ಚು ಹೇಳುತ್ತೇನೆ.

ಮೊದಲು ಅಡಿಪಾಯ

ಸುತ್ತಿಗೆಯ ಹಿಡಿಯಿಂದ ಹಳೆಯ ನೆಲವನ್ನು ಅಂಗೈಯಗಲಕ್ಕೊಂದರಂತೆ ಬಡಿಯುತ್ತ ಹೋಗಿ. ಗಟ್ಟಿ ಇದ್ದಲ್ಲಿ ಟಕ್ ಎನ್ನುತ್ತದೆ, ಕೊಳೆತಲ್ಲಿ ದಬ್ ಎನ್ನುತ್ತದೆ. ದಬ್ ಎಂದ ಕಡೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಆ ಪ್ಲೈವುಡ್ ತೆಗೆಯಲೇಬೇಕು. ಹೊಸದಾಗಿ ಹಾಕುವಾಗ ಐಎಸ್ 710 ಗುರುತಿನ, ನೀರು ತಾಳುವ ಮರೀನ್ ಪ್ಲೈವುಡ್ಡನ್ನೇ ಕೇಳಿ. ಅದರ ನಾಲ್ಕೂ ಅಂಚಿಗೆ, ಪ್ರತಿ ಸ್ಕ್ರೂ ತೂತಿಗೆ ಎಪಾಕ್ಸಿ (ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು) ಕುಡಿಸಿ. ನೀರು ಹೆಚ್ಚಾಗಿ ನುಗ್ಗುವುದು ಹಾಳೆಯ ಮೈಯಿಂದಲ್ಲ, ಅಂಚಿನಿಂದ ಮತ್ತು ತೂತಿನಿಂದ.

ಪೆಟ್ರೋಲ್ ಟ್ಯಾಂಕು, ಪೈಪಿನ ಜೋಡಣೆ, ತಳದ ನೀರು ಹೊರಹಾಕುವ ಪಂಪು ಇರುವ ಕಡೆ ತೆಗೆದು ಹಾಕುವ ಮುಚ್ಚಳ ಬಿಡಲು ಮರೆಯಬೇಡಿ. ಅಂದಕ್ಕೆಂದು ಅವನ್ನೆಲ್ಲ ಮುಚ್ಚಿ ಹಾಸಿದರೆ ಪೆಟ್ರೋಲ್ ಸೋರಿದರೂ ಗೊತ್ತಾಗುವುದಿಲ್ಲ. ಜೀವಕ್ಕೇ ಅಪಾಯ.

ಕಟ್ಟಿಗೆ ಆರಿಸುವುದು

ಕಿನ್ನಾಳದ ಗೊಂಬೆಗೆ ಹಗುರ ಕಟ್ಟಿಗೆ ಬೇಕು, ಇಲ್ಲಿ ಮರದ ಒಳಗಿನ ಗಟ್ಟಿ ಚೇಗು ಬೇಕು. ಹೊರಗಿನ ಬಿಳಿ ಭಾಗ ಸೇರಿದ ಪಟ್ಟಿ ಬೇಗ ಕೊಳೆಯುತ್ತದೆ, ಬೆಲೆ ಕಡಿಮೆಯೆಂದರೂ ಬೇಡ. ಪಟ್ಟಿಯ ತುದಿ ನೋಡಿ: ವರ್ಷದ ಗೆರೆಗಳು ನೆಟ್ಟಗೆ ನಿಂತಂತಿದ್ದರೆ ಅದು ಅಗಲದಲ್ಲಿ ಹಿಗ್ಗಿ ಕುಗ್ಗುವುದು, ಗೆರೆ ಅಡ್ಡ ಮಲಗಿದ ಪಟ್ಟಿಗಿಂತ ಸರಿಸುಮಾರು ಅರ್ಧ. 45ರಿಂದ 50 ಮಿಲಿಮೀಟರ್ ಅಗಲ, 8ರಿಂದ 10 ಮಿಲಿಮೀಟರ್ ದಪ್ಪ ಸಾಕು. 10 ಮಿಲಿಮೀಟರ್ ದಪ್ಪದ ಸಾಗವಾನಿ ಒಂದು ಚದರ ಮೀಟರಿಗೆ ಆರೂವರೆ ಕೆ.ಜಿ. ಹತ್ತಿರ ತೂಗುತ್ತದೆ. 4 ಚದರ ಮೀಟರ್ ಎಂದರೆ 26 ಕೆ.ಜಿ., ಅಂಟಿನ ಭಾರ ಬೇರೆ. ಸಣ್ಣ ಬೋಟಿಗೆ ಇದು ಲೆಕ್ಕಕ್ಕೆ ಬರುವ ಭಾರ.

ತಂದ ಪಟ್ಟಿಗಳನ್ನು ಬೋಟಿನ ಬಳಿಯೇ ನೆರಳಲ್ಲಿ, ನಡುನಡುವೆ ರೀಪು ಕೊಟ್ಟು ಎರಡು ವಾರ ಒಟ್ಟಿಡಿ.

ಅಳತೆ, ಜೋಡಣೆ

ದಪ್ಪ ಕಾಗದ ಹಾಸಿ ನೆಲದ ಪಡಿಯಚ್ಚು ತೆಗೆಯಿರಿ. ಬೋಟಿನ ಎರಡು ಬದಿ ಒಂದೇ ಅಳತೆಯಲ್ಲಿರುತ್ತವೆ ಎಂದು ನಂಬಬೇಡಿ. ನಟ್ಟನಡುವೆ ದಾರ ಹೊಡೆದು, ಅಲ್ಲಿಂದ ಎರಡೂ ಕಡೆಗೆ ಪಟ್ಟಿ ಜೋಡಿಸುತ್ತ ಹೋಗಿ. ಅಂಟಿಲ್ಲದೆ ಪೂರ್ತಿ ಜೋಡಿಸಿ ನೋಡಿ, ಒಂದೊಂದಕ್ಕೂ ನಂಬರು ಬರೆಯಿರಿ.

ಪಟ್ಟಿಗಳ ನಡುವೆ 5 ಮಿಲಿಮೀಟರ್ ಸಂದಿ ಇರಲಿ. ಪ್ಲಾಸ್ಟಿಕ್ ತುಂಡು ಇಟ್ಟರೆ ಅಳತೆ ತಪ್ಪುವುದಿಲ್ಲ. ಮೊದಲ ಸಲವೇ ನಮ್ಮ ಬಡಿಗೇರರು ಹೇಳಿದ್ದರು: “ಬಾಗಿಲಾ ಮಾಡಿದಂಗ ಪಟ್ಟಿಗೆ ಪಟ್ಟಿ ಬಿಗಿಬ್ಯಾಡ್ರಿ, ಮಳಿ ಬಂದ್ರ ಎದ್ದ ನಿಂದರತಾವು.”

ಅಂಟು

ಈ ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿವರೆಗಿನ ಹವೆ ಒಳ್ಳೆಯದು. ಬಿಸಿ ಏರಿದಷ್ಟೂ ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಕಲಸಿದರೆ ಡಬ್ಬಿಯಲ್ಲೇ ಕಲ್ಲಾಗುತ್ತದೆ. ಪಟ್ಟಿ ಕೂರುವ ಮೈಯನ್ನು, ಫೈಬರಿರಲಿ ಪ್ಲೈವುಡ್ಡಿರಲಿ, 80 ನಂಬರಿನ ಸ್ಯಾಂಡ್ ಪೇಪರಿನಿಂದ ಉಜ್ಜಿ ಒರಟು ಮಾಡಿ, ಧೂಳು ತೆಗೆಯಿರಿ. ಪಟ್ಟಿಯ ಅಡಿಯನ್ನು ಬಿಳಿ ಬಟ್ಟೆಯಲ್ಲಿ ಅಸಿಟೋನ್ (ಎಣ್ಣೆ ತೆಗೆಯುವ ದ್ರವ) ಹಾಕಿ ಒರೆಸಿ. ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತ ಒರೆಸಬೇಕು. ಅಸಿಟೋನ್ ಆರಿದ ಕೂಡಲೇ, ಒಳಗಿನ ಎಣ್ಣೆ ಮತ್ತೆ ಮೇಲೆ ಬರುವ ಮೊದಲೇ ಅಂಟಿಸಿ. ಅಸಿಟೋನಿಗೆ ಬೆಂಕಿ ಬೇಗ ಹತ್ತುತ್ತದೆ, ಹತ್ತಿರದಲ್ಲಿ ಬೀಡಿ ಸಿಗರೇಟು ಬೇಡ.

ಮಂದ ಮಾಡುವ ಪುಡಿ ಬೆರೆಸಿದ ಎಪಾಕ್ಸಿಯನ್ನು ಹಲ್ಲಿನ ಕರಣೆಯಿಂದ ಸಮನಾಗಿ ಹರಡಿ. ಅಡಿಯಲ್ಲಿ ಗಾಳಿ ಉಳಿದರೆ ಅಲ್ಲೇ ನೀರು ಸೇರುತ್ತದೆ. ಪಟ್ಟಿ ಕೂರಿಸಿ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರಳಿನ ಚೀಲ ಹೇರಿ. ಸಂದಿಗೆ ಉಕ್ಕಿದ ಅಂಟನ್ನು ಹಸಿ ಇರುವಾಗಲೇ ಕೆರೆದು ತೆಗೆಯಿರಿ.

ಸಂದಿ ತುಂಬುವುದು

ಅಂಟು ಪೂರ್ತಿ ಗಟ್ಟಿಯಾದ ಮೇಲೆ ಸಂದಿಗಳನ್ನು ಚೊಕ್ಕಟ ಮಾಡಿ, ಅಕ್ಕಪಕ್ಕದ ಗೋಡೆಗಳನ್ನು ಮತ್ತೊಮ್ಮೆ ಅಸಿಟೋನಿನಿಂದ ಒರೆಸಿ. ನಂತರ ಸಂದಿಯ ತಳಕ್ಕೆ ಮಾತ್ರ, ಸೀಲಂಟ್ (ಸಂದಿ ತುಂಬುವ ರಬ್ಬರಿನಂಥ ಅಂಟು) ಹತ್ತದ ಸಣ್ಣ ಟೇಪು ಹಾಸಿ. ಮೊದಲ ಸಲ ನಾವು ಇದನ್ನೇ ಬಿಟ್ಟಿದ್ದೆವು. ಟೇಪು ಇದ್ದರೆ ಸೀಲಂಟ್ ಎರಡು ಗೋಡೆಗೆ ಮಾತ್ರ ಹತ್ತಿ, ಕಟ್ಟಿಗೆ ಹಿಗ್ಗಿ ಕುಗ್ಗಿದಂತೆ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ತಳಕ್ಕೂ ಹತ್ತಿಕೊಂಡರೆ ಎಳೆಯಲು ಆಸ್ಪದವಿಲ್ಲದೆ ಒಂದು ಗೋಡೆಯಿಂದ ಕಿತ್ತುಬರುತ್ತದೆ. ಆ ಕೂದಲೆಳೆ ಬಿರುಕಿನಿಂದಲೇ ನಮ್ಮ ಪ್ಲೈವುಡ್ ಕೊಳೆತದ್ದು.

ಸಾಣಾಪುರದ ಹರಗೋಲಿಗೆ ಬಳಿಯುವ ಡಾಂಬರು ಇಲ್ಲಿಗೆ ಒಗ್ಗದು, ಬಿಸಿಲಿಗೆ ಮೆತ್ತಗಾಗಿ ಕಾಲಿಗೆ ಹತ್ತುತ್ತದೆ. ಬಚ್ಚಲಿಗೆ ಹಾಕುವ ಸಿಲಿಕಾನೂ ಬೇಡ. ಬೋಟಿನ ಡೆಕ್ಕಿಗೆಂದೇ ಸಿಗುವ ಪಾಲಿಯುರಿಥೇನ್ ಅಥವಾ ಪಾಲಿಸಲ್ಫೈಡ್ ಸೀಲಂಟನ್ನು ಕರಾವಳಿಯ ಬೋಟು ಸಾಮಾನಿನ ಅಂಗಡಿಯಿಂದ ತರಿಸಿ. ಸೀಲಂಟ್ ಗನ್ನಿನ ಮೂತಿಯನ್ನು ಸಂದಿಯ ತಳಕ್ಕೆ ಇಳಿಸಿ ಕೆಳಗಿನಿಂದ ತುಂಬುತ್ತ ಬನ್ನಿ. ಪಟ್ಟಿಗಿಂತ ತುಸು ಉಬ್ಬಿಯೇ ಇರಲಿ, ಆರಿದ ಮೇಲೆ ಇಳಿಯುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ದಿನ ಮುಟ್ಟಬೇಡಿ.

ಉಜ್ಜುವುದು, ನೋಡಿಕೊಳ್ಳುವುದು

80 ನಂಬರಿನಿಂದ ಶುರು ಮಾಡಿ 120ಕ್ಕೆ ನಿಲ್ಲಿಸಿ. ಅದಕ್ಕಿಂತ ನುಣುಪು ಮಾಡಿದರೆ ನೆಲ ಜಾರುತ್ತದೆ. ಸಾಗವಾನಿಯ ಧೂಳು ಕೆಲವರಿಗೆ ಕೆಮ್ಮು, ತುರಿಕೆ ತರುತ್ತದೆ, ಮಾಸ್ಕ್ ಹಾಕಿಕೊಳ್ಳಿ. ವಾರ್ನಿಷ್ ಬೇಡವೇ ಬೇಡ, ನಮ್ಮ ಬಿಸಿಲಿಗೆ ಹೊಪ್ಪಳೆ ಏಳುತ್ತದೆ. ಎಣ್ಣೆ ಹಚ್ಚದೆ ಬಿಟ್ಟರೆ ಕೆಲವು ತಿಂಗಳಲ್ಲಿ ಬೆಳ್ಳಿಯಂಥ ಬೂದು ಬಣ್ಣಕ್ಕೆ ತಿರುಗುತ್ತದೆ. ನನಗೆ ಆ ಬಣ್ಣವೇ ಇಷ್ಟ.

ತೊಳೆಯುವಾಗ ಮೆತ್ತನೆ ಬ್ರಷ್ಷು, ಸೌಮ್ಯ ಸೋಪು ಸಾಕು. ಕಟ್ಟಿಗೆಯ ಎಳೆಗೆ ಅಡ್ಡವಾಗಿ ಉಜ್ಜಿ. ವಾಹನ ತೊಳೆಯುವ ಪ್ರೆಶರ್ ಗನ್ನು ಹಿಡಿಯಬೇಡಿ, ಅದು ಎಳೆಗಳ ನಡುವಿನ ಮೆದು ಭಾಗವನ್ನು ಕೊರೆದುಬಿಡುತ್ತದೆ. ಬೇಸಿಗೆಯಲ್ಲಿ ದಂಡೆಗೆ ಎಳೆದಾಗ ಟಾರ್ಪಾಲನ್ನು ನೆಲಕ್ಕೆ ತಾಗದಂತೆ, ಗಾಳಿಯಾಡುವಷ್ಟು ಎತ್ತರಕ್ಕೆ ಕಟ್ಟಿ. ನೀರಿಗಿಳಿಸುವ ಮುನ್ನ ಪ್ರತಿ ಸಂದಿಯ ಮೇಲೂ ಒಮ್ಮೆ ಉಗುರು ಆಡಿಸಿ ನೋಡಿ. ಎಲ್ಲಾದರೂ ಉಗುರು ಸಿಕ್ಕಿದರೆ ಅಷ್ಟುದ್ದ ಮಾತ್ರ ಕೊಯ್ದು ತೆಗೆದು, ಹೊಸ ಸೀಲಂಟ್ ತುಂಬಿ.