ಎರಡೇ ಅಡಿ ಅಂದುಕೊಂಡಿದ್ದೆ

ಟೈಲ್ಸ್ ಕೆಲಸ ಸ್ವಂತವಾಗಿ ಹಿಡಿದ ಮೊದಲ ವರ್ಷ. 10ಕ್ಕೆ 10 ಅಡಿ ರೂಮಿಗೆ ಲೆಕ್ಕ ಕೊಟ್ಟಾಗಿತ್ತು. ಗೋಡೆ ಏಳುವ ಮೊದಲು ಮನೆಯವರು ಪ್ಲಾನ್ ಬದಲಿಸಿದರು. "ಎರಡೇ ಅಡಿ ಜಾಸ್ತಿ ಮೇಸ್ತ್ರಿ, 12ಕ್ಕೆ 12" ಅಂದರು.

ನಾನು ಮೊದಲು ನೋಡಿದ್ದು ಸ್ಕರ್ಟಿಂಗ್, ಅಂದರೆ ಗೋಡೆಯ ಬುಡಕ್ಕೆ ಸುತ್ತಲೂ ಹಾಕುವ ಟೈಲ್ಸ್ ಪಟ್ಟಿ. ಸುತ್ತಳತೆ 40 ಅಡಿ ಇದ್ದದ್ದು 48 ಆಯಿತು, ನೂರಕ್ಕೆ 20 ಜಾಸ್ತಿ. ನೆಲಕ್ಕೂ ಅಷ್ಟೇ ಸೇರಿಸಿದರಾಯಿತು ಅಂತ 100 ಚದರ ಅಡಿಯನ್ನು 120 ಮಾಡಿಕೊಂಡೆ. ಎರಡಡಿ ಟೈಲ್ಸ್, ಬಾಕ್ಸಿಗೆ 4 ಪೀಸು, ಅಂದರೆ 16 ಚದರ ಅಡಿ. 8 ಬಾಕ್ಸ್ ತರಿಸಿದೆ.

ಕೊನೆಯ ಸಾಲಿಗೆ ಬರುವಾಗ ಪೀಸು ಖಾಲಿ. ನೆಲದ ಮೇಲೇ ಚಾಕ್‌ಪೀಸ್ ಹಿಡಿದು ಕೂತೆ. ಹಳೇ 10ಕ್ಕೆ 10ರ ಚೌಕ ಬರೆದೆ. ಒಂದು ಪಕ್ಕಕ್ಕೆ ಎರಡಡಿಯ ಪಟ್ಟಿ, 20 ಚದರ ಅಡಿ. ಇನ್ನೊಂದು ಪಕ್ಕಕ್ಕೆ ಅಂಥದ್ದೇ ಇನ್ನೊಂದು 20. ಅವೆರಡೂ ಸೇರುವ ಮೂಲೆಯಲ್ಲಿ 2ಕ್ಕೆ 2ರ ಚಿಕ್ಕ ಚೌಕ, 4. ಒಟ್ಟು 44 ಹೆಚ್ಚಾಗಿದೆ! ನಾನು ಒಂದು ಪಟ್ಟಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ.

ಇನ್ನೊಂದು ಪೆಟ್ಟು ಅದೇ ದಿನ ಬಿತ್ತು. 12 ಅಡಿಗೆ ಎರಡಡಿಯ 6 ಪೀಸು ಸರಿಯಾಗಿ ಕೂರಬೇಕಲ್ವಾ? ಕೂರಲಿಲ್ಲ. ಗೋಡೆ ಹತ್ತಿರ ಸುಮಾರು ಎರಡು ಇಂಚಿನಷ್ಟು ಸಂದು ಉಳಿಯಿತು. ಎರಡಡಿ ಅನ್ನೋದು ಬಾಯಿಮಾತಿಗೆ. ಪೀಸು ಇರೋದು 60 ಸೆಂಟಿಮೀಟರ್, ಎರಡಡಿ ಅಂದರೆ ಸುಮಾರು 61. ಒಂದು ಸೆಂಟಿಮೀಟರ್ ಏನು ಮಹಾ ಅನಿಸುತ್ತೆ. ಆದರೆ ಉದ್ದದಲ್ಲೂ ಕಮ್ಮಿ, ಅಗಲದಲ್ಲೂ ಕಮ್ಮಿ. ಹಾಗಾಗಿ ಬಾಕ್ಸಿಗೆ ಸಿಗೋದು 16 ಅಲ್ಲ, 15.5 ಚದರ ಅಡಿ. 1200 ಚದರ ಅಡಿ ಮನೆಗೆ 75 ಬಾಕ್ಸ್ ಅಂದುಕೊಂಡರೆ 78 ಬೇಕು, ವೇಸ್ಟೇಜ್ ಬೇರೆ. ಜಾಯಿಂಟಿಗೆ 2 ಮಿಲಿಮೀಟರ್ ಬಿಟ್ಟರೂ ಈ ಕೊರತೆ ತುಂಬಲ್ಲ.

ಮತ್ತೆರಡು ಬಾಕ್ಸ್ ತರಿಸಿದೆ. ಡಿಸೈನ್ ಅದೇ, ಬ್ಯಾಚ್ ನಂಬರ್ ಬೇರೆ. ಬಣ್ಣ ಒಂದು ಚೂರು ಮಂಕು.

ಈಗ ಯಾರಾದರೂ "ಡಬಲ್ ಸೈಜ್" ಅಂದರೆ ಯಾವುದು ಡಬಲ್ ಅಂತ ಕೇಳುತ್ತೇನೆ. 20/30 ಸೈಟು 600 ಚದರ ಅಡಿ. ಎರಡೂ ಬದಿ ಡಬಲ್ ಮಾಡಿದರೆ 40/60, ಅದು 2400. ಜಾಗ ನಾಲ್ಕು ಪಟ್ಟು, ಕಾಂಪೌಂಡ್ ಮಾತ್ರ 100 ಅಡಿಯಿಂದ 200ಕ್ಕೆ, ಬರೀ ಎರಡು ಪಟ್ಟು.

ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದು ಕರ್ಣ ಅಳೆಯೋದನ್ನೂ ಬಿಡಲ್ಲ. ಒಮ್ಮೆ 10ಕ್ಕೆ 12ರ ರೂಮು, ನಾಲ್ಕೂ ಬದಿ ಅಳತೆ ಸರಿ, ಕರ್ಣ ಮಾತ್ರ ಒಂದು 15 ಅಡಿ, ಇನ್ನೊಂದು 16 ಅಡಿ 3 ಇಂಚು. ಮೂಲೆಗಳು ಲಂಬಕೋನ ಇರಲಿಲ್ಲ, ರೂಮಿನ ಆಕಾರವೇ ಒಂದು ಕಡೆಗೆ ವಾಲಿತ್ತು. ವಿಸ್ತೀರ್ಣ ಕಮ್ಮಿಯಾಗಿದ್ದು ಅರ್ಧ ಚದರ ಅಡಿಯಷ್ಟೇ, ಆದರೆ ಗೋಡೆ ಪಕ್ಕದ ಪೀಸೆಲ್ಲ ಓರೆಯಾಗಿ ಕತ್ತರಿಸಬೇಕಾಯಿತು. ಇಂಥ ರೂಮಿಗೆ ನಾನು ಒಂದು ಬಾಕ್ಸ್ ಜಾಸ್ತಿಯೇ ಬರೆಯುತ್ತೇನೆ.

ಮೊನ್ನೆ ಆ ಹಳೇ ಮನೆಯವರೇ ಬಾತ್‌ರೂಮ್ ಕೆಲಸಕ್ಕೆ ಕರೆದಿದ್ದರು. ಹೋದವನು ಮೆಲ್ಲಗೆ ಆ ರೂಮಿಗೆ ಇಣುಕಿದೆ. ಮಂಕು ಪೀಸುಗಳ ಮೇಲೆ ಮಂಚ ಹಾಕಿದ್ದಾರೆ.