ಲೋಲಕದ ಪಾಠ: ಎರಡು ಪೀರಿಯಡ್‌ನಲ್ಲಿ ಗಣಿತವೂ ವಿಜ್ಞಾನವೂ

ಬೋರ್ಡ್ ಮೇಲೆ ಸೂತ್ರ ಬರೆದು, ಅದು ಸರಿ ಎಂದು ತೋರಿಸಲು ಲೋಲಕ ತೂಗಾಡಿಸುವುದು ಸಾಮಾನ್ಯ ಪದ್ಧತಿ. ಉತ್ತರ ಮೊದಲೇ ಗೊತ್ತಿದ್ದರೆ ಮಕ್ಕಳು ಅಳೆಯುವುದಿಲ್ಲ, ಅಳೆದಂತೆ ಬರೆಯುತ್ತಾರೆ. ಕ್ರಮವನ್ನು ತಿರುಗಿಸಿ: ಮೊದಲು ಊಹೆ, ಆಮೇಲೆ ಅಳತೆ, ಸೂತ್ರ ಕಟ್ಟಕಡೆಗೆ. ವರ್ಗಮೂಲ ಗೊತ್ತಿರುವ ಯಾವ ತರಗತಿಗಾದರೂ ಈ ಪಾಠ ನಡೆಯುತ್ತದೆ. 40 ನಿಮಿಷದ ಎರಡು ಪೀರಿಯಡ್ ಸಾಕು, ಆದರೆ ಅವು ಬೆನ್ನುಬೆನ್ನಿಗೆ ಸಿಕ್ಕರೆ ಒಳ್ಳೆಯದು.

ಸಾಮಾನು

ನಾಲ್ಕು ಮಕ್ಕಳ ಗುಂಪಿಗೆ 130 ಸೆಂ.ಮೀ. ಹೊಲಿಗೆ ದಾರ, ಒಂದೇ ಅಳತೆಯ ಮೂರು ಕಬ್ಬಿಣದ ನಟ್, ಸ್ಕೇಲ್ ಅಥವಾ ಟೇಪು, ಒಂದು ಸ್ಟಾಪ್‌ವಾಚ್. ಉಣ್ಣೆ ದಾರ ಬೇಡ, ಅದು ಹಿಗ್ಗುತ್ತದೆ. ದಾರವನ್ನು ಸರಳಿಗೆ ಸುತ್ತಿ ಬಿಟ್ಟರೆ ತೂಗುವಾಗ ಅದು ಸರಳಿನ ಮೈಗೆ ಸುತ್ತಿ ಬಿಚ್ಚುತ್ತಾ ಉದ್ದ ಬದಲಾಗುತ್ತಿರುತ್ತದೆ. ಎರಡು ಮರದ ಸ್ಕೇಲ್‌ಗಳ ನಡುವೆ ದಾರವನ್ನು ಕಚ್ಚಿಸಿ, ಸ್ಕೇಲ್‌ಗಳನ್ನು ಮೇಜಿನ ಅಂಚಿಗೆ ಅಲುಗಾಡದಂತೆ ಬಿಗಿಯಿರಿ. ದಾರ ಎಲ್ಲಿಂದ ತೂಗುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ, ಉದ್ದ ಬದಲಿಸಲು ಎಳೆದರೆ ಸಾಕು. 100 ಸೆಂ.ಮೀ. ಲೋಲಕಕ್ಕೆ ಮೇಜಿನ ಎತ್ತರ ಸಾಲದು; ಅದಕ್ಕೆ ಬಾಗಿಲ ಚೌಕಟ್ಟು ನೋಡಿಕೊಳ್ಳಿ.

ಉದ್ದ ಎಂದರೆ ಸ್ಕೇಲ್ ಕಚ್ಚಿದ ಜಾಗದಿಂದ ನಟ್‌ನ ನಡುಮಧ್ಯದವರೆಗೆ. ಗಂಟಿನವರೆಗೆ ಅಳೆಯುವ ಗುಂಪು ಒಂದಾದರೂ ಇರುತ್ತದೆ.

ಕೆಲಸ ಹಂಚಿ: ಒಬ್ಬರು ಬಿಡಲು, ಒಬ್ಬರು ಎಣಿಸಲು, ಒಬ್ಬರು ಗಡಿಯಾರಕ್ಕೆ, ಒಬ್ಬರು ಬರೆಯಲು. ಪ್ರತಿ ಉದ್ದಕ್ಕೂ ಕೆಲಸ ಅದಲುಬದಲಾಗಲಿ. ಇಲ್ಲದಿದ್ದರೆ ಚುರುಕಾದ ಮಗುವೇ ಎಲ್ಲವನ್ನೂ ಮಾಡಿ ಮುಗಿಸುತ್ತದೆ.

ತೂಕ, ಎಳೆತ

ಪ್ರತಿ ಮಗುವೂ ಚೀಟಿಯಲ್ಲಿ ಬರೆಯಲಿ: ಭಾರ ಹೆಚ್ಚಿಸಿದರೆ, ಹೆಚ್ಚು ದೂರ ಎಳೆದು ಬಿಟ್ಟರೆ, ದಾರ ಉದ್ದ ಮಾಡಿದರೆ ಒಂದು ಆಂದೋಲನಕ್ಕೆ ಹಿಡಿಯುವ ಸಮಯ ಏನಾಗುತ್ತದೆ? ಒಂದು ಆಂದೋಲನವೆಂದರೆ ಹೋಗಿ ಬಂದು, ಹೊರಟ ಕಡೆಗೇ ಮರಳುವುದು. ಭಾರವಾದದ್ದು ಬೇಗ ತೂಗುತ್ತದೆ ಎಂದು ಬಹಳ ಮಂದಿ ಬರೆಯುತ್ತಾರೆ. ತಿದ್ದಬೇಡಿ, ಮುಖಭಾವದಲ್ಲೂ ಸುಳಿವು ಕೊಡಬೇಡಿ. ಚೀಟಿ ಅವರ ಬಳಿಯೇ ಇರಲಿ.

ಎಣಿಕೆಯನ್ನು ಒಂದೆರಡು ಸಲ ಅಭ್ಯಾಸ ಮಾಡಿಸಿ. ಗಡಿಯಾರ ಶುರುವಾಗುವ ಕ್ಷಣಕ್ಕೆ ‘ಸೊನ್ನೆ’ ಎನ್ನಬೇಕು. ‘ಒಂದು’ ಎಂದು ಶುರುಮಾಡಿದರೆ ಹತ್ತು ಎನ್ನುವಾಗ ಆಗಿರುವುದು ಒಂಬತ್ತೇ ಆಂದೋಲನ. ಹತ್ತು ಏಕೆ, ಒಂದನ್ನೇ ಅಳೆಯಬಾರದೇಕೆ ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಕೇಳಿ. ಗುಂಡಿ ಒತ್ತುವಾಗ ಸುಮಾರು 0.2 ಸೆಕೆಂಡ್ ಹೆಚ್ಚುಕಡಿಮೆಯಾಗುತ್ತದೆ. 1.2 ಸೆಕೆಂಡಿನ ಒಂದೇ ಆಂದೋಲನದಲ್ಲಿ ಅದು ಆರನೇ ಒಂದು ಪಾಲು. ಹತ್ತರಲ್ಲಿ ಅರವತ್ತನೇ ಒಂದು ಪಾಲು. ಭಿನ್ನರಾಶಿಗೆ ಇಷ್ಟು ನೇರವಾದ ಉಪಯೋಗ ಪಠ್ಯದ ಲೆಕ್ಕಗಳಲ್ಲಿ ಅಪರೂಪ.

36 ಸೆಂ.ಮೀ. ಉದ್ದಕ್ಕೆ ಮೊದಲು ಒಂದು ನಟ್, ನಂತರ ಮೂರು. ಎರಡರಲ್ಲೂ ಹತ್ತು ಆಂದೋಲನಕ್ಕೆ ಸುಮಾರು 12 ಸೆಕೆಂಡ್ ಬರಬೇಕು. ಮೂರು ನಟ್‌ಗಳನ್ನು ಒಂದರ ಕೆಳಗೊಂದು ಜೋತುಬಿಟ್ಟ ಗುಂಪಿಗೆ 12.3 ಅಥವಾ 12.4 ಬಂದು, ‘ಭಾರವಾದರೆ ನಿಧಾನ’ ಎಂದು ಸಾಧಿಸಿಬಿಡುತ್ತದೆ. ಅಲ್ಲಿ ಹೆಚ್ಚಿದ್ದು ಭಾರವಷ್ಟೇ ಅಲ್ಲ, ತೂಕದ ಕೇಂದ್ರ ಕೆಳಗಿಳಿದು ಉದ್ದವೂ ಹೆಚ್ಚಿದೆ. ನೀವೇ ಹೇಳಿಬಿಡುವ ಬದಲು, ಮೂರನ್ನೂ ಒಂದೇ ಮಟ್ಟದಲ್ಲಿ ಗೊಂಚಲಾಗಿ ಕಟ್ಟಿದ ಗುಂಪನ್ನು ಅವರೆದುರು ನಿಲ್ಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬ ನಿಯಮ ಆ ಜಗಳದಿಂದಲೇ ಹುಟ್ಟಲಿ.

ಎಳೆತಕ್ಕೆ 5 ಸೆಂ.ಮೀ., 10 ಸೆಂ.ಮೀ. ಎರಡನ್ನು ಹೋಲಿಸಿದರೆ ಸಾಕು, ವ್ಯತ್ಯಾಸ ಗಡಿಯಾರಕ್ಕೆ ಸಿಗದಷ್ಟು ಚಿಕ್ಕದು. 60 ಡಿಗ್ರಿವರೆಗೆ ಎಳೆದವರಿಗೆ ಸಮಯ ಹೆಚ್ಚು ಬಂದರೆ ಅವರು ತಪ್ಪಿಲ್ಲ. ಆ ಕೋನದಲ್ಲಿ ಆಂದೋಲನಾವಧಿ ನಿಜಕ್ಕೂ ಶೇ. 7ರಷ್ಟು ಹಿಗ್ಗುತ್ತದೆ. ನಮ್ಮ ಸೂತ್ರ ಸಣ್ಣ ಕೋನಗಳಿಗೆ ಮಾತ್ರ.

ಉದ್ದದ ಸರದಿ

ಪಾಠದ ತಿರುಳು ಇಲ್ಲಿದೆ. ಉದ್ದಗಳು 16, 36, 64, 100 ಸೆಂ.ಮೀ. ಇವೇ ಏಕೆ ಎಂದು ಈಗ ಹೇಳಬೇಡಿ. ಪ್ರತಿಯೊಂದಕ್ಕೂ ಮೂರು ಸಲ ಅಳೆದು ಸರಾಸರಿ ತೆಗೆಯಲಿ. 16ಕ್ಕೆ ಸುಮಾರು 8 ಸೆಕೆಂಡ್, 36ಕ್ಕೆ 12 ಬರುತ್ತದೆ. ಅಲ್ಲಿಗೆ ನಿಲ್ಲಿಸಿ, 64ಕ್ಕೆ ಎಷ್ಟು ಬಂದೀತು ಎಂದು ಕೇಳಿ.

20 ಸೆಂ.ಮೀ.ಗೆ 4 ಸೆಕೆಂಡ್ ಹೆಚ್ಚಿದೆ, ಹಾಗಾದರೆ 28 ಸೆಂ.ಮೀ.ಗೆ 5.6 ಎಂದು ಅನುಪಾತ ಕಲಿತ ಮಕ್ಕಳು 17.6 ಹೇಳುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅಳೆದಾಗ ಬರುವುದು 16.1. ಒಂದೂವರೆ ಸೆಕೆಂಡಿನ ಈ ಅಂತರವನ್ನು ಗುಂಡಿ ಒತ್ತುವ ತಡದ ಮೇಲೆ ಹಾಕಲಾಗದು. ಮತ್ತೆ ಅಳೆಯುತ್ತಾರೆ, ಮತ್ತೆ ಅದೇ. ಇಲ್ಲಿ ಐದು ನಿಮಿಷ ನೀವು ಸುಮ್ಮನಿರುವುದೇ ಕಷ್ಟದ ಕೆಲಸ. 100ಕ್ಕೆ 20 ಬಂದ ಮೇಲೆ ಯಾರಾದರೊಬ್ಬರು 4, 6, 8, 10ರ ವರ್ಗಗಳನ್ನು ಗುರುತಿಸುತ್ತಾರೆ: ಉದ್ದದ ವರ್ಗಮೂಲದ ಎರಡರಷ್ಟು ಸೆಕೆಂಡ್.

ಆಗ 50 ಸೆಂ.ಮೀ. ಕೊಡಿ. ಕಟ್ಟುವ ಮೊದಲೇ ಲೆಕ್ಕ ಹಾಕಲಿ: 7.07ರ ಎರಡರಷ್ಟು, 14.1. ಗಡಿಯಾರದಲ್ಲೂ ಅದರ ಆಸುಪಾಸಿನಲ್ಲೇ ಬರುತ್ತದೆ.

ಅಳತೆಗಳಲ್ಲಿ 12.1, 12.0, 10.8 ಎಂದಿದ್ದರೆ ಕುರುಡಾಗಿ ಸರಾಸರಿ ತೆಗೆಸಬೇಡಿ. ಕೊನೆಯದು ಸರಿಯಾಗಿ ಒಂದು ಆಂದೋಲನದಷ್ಟು ಕಡಿಮೆ, ಅಂದರೆ ಎಣಿಕೆ ತಪ್ಪಿದೆ. ಆ ಅಳತೆಯನ್ನು ಅಳಿಸದೆ, ಅಡ್ಡಗೆರೆ ಹಾಕಿ ಕಾರಣ ಬರೆದು ಇನ್ನೊಮ್ಮೆ ಅಳೆಯಲಿ. ಮೂರರಿಂದ ಭಾಗಿಸಿ 12.0666667 ಎಂದು ಬರೆದವರಿಗೆ ಕೇಳಿ: ಹತ್ತನೇ ಒಂದು ಸೆಕೆಂಡೇ ಅನುಮಾನವಿರುವಾಗ ಉಳಿದ ಅಂಕಿಗಳು ಎಲ್ಲಿಂದ ಬಂದವು?

ಗ್ರಾಫ್

ಅಡ್ಡ ಅಕ್ಷಕ್ಕೆ ಉದ್ದ, ಲಂಬ ಅಕ್ಷಕ್ಕೆ ಸಮಯ. ಕೆಲವರಿಗೆ ಬಾಗಿದ ರೇಖೆಯ ಬದಲು ನೀಟಾದ ಸರಳರೇಖೆ ಬರುತ್ತದೆ. ಅಕ್ಷ ನೋಡಿದರೆ 16, 36, 64, 100 ಸಮಾನ ಅಂತರದಲ್ಲಿ ಕೂತಿರುತ್ತವೆ; ಸಮಯಗಳು ನಾಲ್ಕು ನಾಲ್ಕು ಸೆಕೆಂಡ್ ಏರುವುದರಿಂದ ತಪ್ಪು ಅಕ್ಷದ ಮೇಲೆ ಅಂದದ ಗೆರೆ ಮೂಡುತ್ತದೆ. ಇದನ್ನು ಸರಿಯಾದ ಗ್ರಾಫ್‌ನ ಪಕ್ಕದಲ್ಲಿಟ್ಟು, 50 ಸೆಂ.ಮೀ.ನ ಬಿಂದುವನ್ನು ಎರಡರಲ್ಲೂ ಗುರುತಿಸಲು ಹೇಳಿ. 36 ಮತ್ತು 64ರ ನಡುವೆ ಅದು ಎಲ್ಲಿ ಕೂರಬೇಕು ಎಂದು ಹುಡುಕುವಾಗ ಅಕ್ಷಕ್ಕೆ ಸಮ ಪ್ರಮಾಣ ಏಕೆ ಬೇಕೆಂದು ಅರ್ಥವಾಗುತ್ತದೆ.

ದೊಡ್ಡ ತರಗತಿಯವರು ಒಂದು ಆಂದೋಲನದ ಸಮಯದ ವರ್ಗವನ್ನು ಉದ್ದದೆದುರು ಗುರುತಿಸಲಿ: 0.64, 1.45, 2.58, 4.03. ಇದು ನ್ಯಾಯವಾಗಿ ಬಂದ ಸರಳರೇಖೆ. ಉದ್ದವನ್ನು ಮೀಟರಿಗೆ ಬದಲಿಸಿ, 39.5ನ್ನು (ಪೈ ವರ್ಗದ ನಾಲ್ಕರಷ್ಟು) ರೇಖೆಯ ಇಳಿಜಾರಿನಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ 9.8ರ ಹತ್ತಿರ ಸಿಗುತ್ತದೆ. 9.5ರಿಂದ 10.1ರೊಳಗೆ ಬಂದರೆ ಒಳ್ಳೆಯ ಕೆಲಸ. 1672ರಲ್ಲಿ ಫ್ರೆಂಚ್ ಖಗೋಳಶಾಸ್ತ್ರಜ್ಞ ಜಾನ್ ರಿಶೆ ಪ್ಯಾರಿಸ್‌ನಲ್ಲಿ ಹೊಂದಿಸಿದ ಲೋಲಕ ಗಡಿಯಾರ ಸಮಭಾಜಕದ ಸಮೀಪದ, ದಕ್ಷಿಣ ಅಮೆರಿಕದ ಕಯೆನ್‌ನಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು, ಏಕೆಂದರೆ ಅಲ್ಲಿ ಈ ಸಂಖ್ಯೆ ತುಸು ಕಡಿಮೆ. ಸಮಯವಿದ್ದರೆ ಇದನ್ನು ಹೇಳಿ.

ಕಲಿತರೋ ಇಲ್ಲವೋ ನೋಡಲು ಸೂತ್ರ ಬರೆಸಬೇಡಿ. ಹತ್ತು ಆಂದೋಲನಕ್ಕೆ ಸರಿಯಾಗಿ 6 ಸೆಕೆಂಡ್ ಹಿಡಿಯುವ ಲೋಲಕ ಕಟ್ಟಿ ಎನ್ನಿ. ಉತ್ತರ 9 ಸೆಂ.ಮೀ. ಲೆಕ್ಕ ಸರಿಯಿದ್ದೂ 6.2 ಸೆಕೆಂಡ್ ಬಂದ ಗುಂಪನ್ನು ಕರೆದು, ನಟ್‌ನ ಮಧ್ಯಬಿಂದುವನ್ನು ಅರ್ಧ ಸೆಂ.ಮೀ. ತಪ್ಪಾಗಿ ಹಿಡಿದರೆ 9ರಲ್ಲಿ ಅದು ಎಷ್ಟು ಪಾಲು, 100ರಲ್ಲಿ ಎಷ್ಟು ಪಾಲು ಎಂದು ಕೇಳಿ.