ಪಿಎಫ್ಎ ಬಿಟ್ಟು ಪೂರ್ತಿ ವಾಕ್ಯ ಬರೆಯಲು ಕಲಿತದ್ದು

ಮುಂಬೈನ ಬಲ್ಲಾರ್ಡ್ ಎಸ್ಟೇಟಿನ ಒಂದು ಕಸ್ಟಮ್ಸ್ ಕ್ಲಿಯರಿಂಗ್ ಆಫೀಸಿನಲ್ಲಿ ನನ್ನ ಕೆಲಸ. ದಿನಕ್ಕೆ 40 ಮೇಲ್ ಆದರೂ ಹೋಗುತ್ತದೆ, ಎಲ್ಲದರ ಜೊತೆಗೂ ಏನಾದರೊಂದು ಫೈಲ್. ಸೇರಿದ ಹೊಸದರಲ್ಲಿ ಎಲ್ಲರಂತೆ ನಾನೂ ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’ ಅನ್ನುವುದನ್ನು ಚಿಕ್ಕದಾಗಿ ‘ಪಿಎಫ್ಎ’ ಅಂತ ಬರೆದು ಕಳಿಸಿಬಿಡುತ್ತಿದ್ದೆ.

ಒಂದು ಸಲ ಒಬ್ಬ ಆಮದುದಾರರಿಗೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಚೆಕ್‌ಲಿಸ್ಟ್ ಮೂರನ್ನೂ ಹೀಗೇ ಕಳಿಸಿದೆ. ಚೆಕ್‌ಲಿಸ್ಟ್ ನೋಡಿ ಅವರು ಸರಿ ಎಂದ ಮೇಲೇ ನಾವು ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರದ ಅರ್ಜಿ, ಕಸ್ಟಮ್ಸ್‌ಗೆ ಹಾಕುವುದು. ಅವರೋ, ಸುಮ್ನೆ ಮಾಹಿತಿಗೆ ಬಂದಿದೆ ಅಂದುಕೊಂಡರು. ಅಷ್ಟರಲ್ಲಿ ಹಡಗು ನ್ಹಾವಾ ಶೇವಾ ಬಂದರಿಗೆ ಬಂದಾಗಿತ್ತು. ಬಿಲ್ ತಡವಾದರೆ ಮೊದಲ ಮೂರು ದಿನ, ದಿನಕ್ಕೆ 5,000 ರೂಪಾಯಿ ಲೇಟ್ ಚಾರ್ಜ್. ಒಂದು ದಿನದ ದುಡ್ಡು ಹೋಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೆಯ ದಿನ ನಮ್ಮ ಆಫೀಸಿನ ಹಿರಿಯರು ಆ ಮೇಲ್ ಓದಿದರು. ಕುಂದಾಪುರದ ಕಡೆಯವರು, ಟೈಪ್‌ರೈಟರ್ ಕಾಲದಿಂದ ಇರುವವರು. “ಅವರು ಎಂತ ಮಾಡಬೇಕು ಅಂತ ಇದರಲ್ಲಿ ಎಲ್ಲಿದೆ ಮಾರಾಯ?” ಅಂದರು. ಆಗೆಲ್ಲ ಪತ್ರದ ಕೊನೆಗೆ ‘ಎನ್‌ಕ್ಲೋಸರ್ಸ್’ ಅಂತ ಹಾಕಿ, ಒಂದೊಂದು ಕಾಗದದ ಹೆಸರನ್ನೂ ಬರೆಯುತ್ತಿದ್ದರಂತೆ. ಲಕೋಟೆಯೊಳಗೆ ಇಟ್ಟದ್ದು ‘ಎನ್‌ಕ್ಲೋಸ್ಡ್’, ಮೇಲ್‌ಗೆ ಸೇರಿಸಿದ್ದು ‘ಅಟ್ಯಾಚ್ಡ್’. ಈ ವ್ಯತ್ಯಾಸವೂ ನನಗೆ ಅವತ್ತೇ ಗೊತ್ತಾದದ್ದು.

‘ಪ್ಲೀಸ್ ಫೈಂಡ್ ಅಟ್ಯಾಚ್ಡ್’ ತಪ್ಪಲ್ಲ. ಹಳೆಯ ಪತ್ರಗಳ ಧಾಟಿ, ಅಷ್ಟೇ. ಆದರೆ ಅದರ ಮುಂದೆ ಫೈಲಿನ ಹೆಸರು ಬರಲೇಬೇಕು. ನಾನಂತೂ ಈಗ ನೇರವಾಗಿ ಬರೆಯುತ್ತೇನೆ: ‘ಐ ಹ್ಯಾವ್ ಅಟ್ಯಾಚ್ಡ್ ದ ಚೆಕ್‌ಲಿಸ್ಟ್ ಫಾರ್ ಇನ್‌ವಾಯ್ಸ್ 214. ಪ್ಲೀಸ್ ಅಪ್ರೂವ್ ಇಟ್ ಬೈ 4 ಪಿಎಂ ಟುಡೇ.’ ಯಾವ ಫೈಲ್, ಏನು ಮಾಡಬೇಕು, ಯಾವಾಗ. ಓದುವವರಿಗೆ ಬೇಕಾದದ್ದು ಅಷ್ಟೇ ಅಲ್ವಾ? ಒಂದೇ ಫೈಲ್ ಇದ್ದರೆ ‘ಅಟ್ಯಾಚ್ಡ್ ಈಸ್’, ಜಾಸ್ತಿ ಇದ್ದರೆ ‘ಅಟ್ಯಾಚ್ಡ್ ಆರ್’. ‘ಹಿಯರ್‌ವಿತ್’ ಪೂರ್ತಿ ಬಿಟ್ಟೆ. ಅಟ್ಯಾಚ್ಡ್ ಅಂದ ಮೇಲೆ ಅದು ಜೊತೆಗೇ ಇದೆ ಅಂತ ಮತ್ತೆ ಹೇಳಬೇಕಾಗಿಲ್ಲ.

ಮೊದಲು ಫೈಲ್ ಸೇರಿಸಿ, ತೆರೆದು ನೋಡಿ, ಆಮೇಲೆ ಬರೆಯುತ್ತೇನೆ. ವಿಳಾಸ ಹಾಕುವುದು ಕೊನೆಗೆ. ಫೈಲ್ ಸೇರಿಸದೆ ‘ಅಟ್ಯಾಚ್ಡ್’ ಅಂತ ಬರೆದಿದ್ದರೆ ಜಿಮೇಲ್ ಎಚ್ಚರಿಸುತ್ತದೆ, ನಿಜ. ಹಳೆಯ ಫೈಲ್ ಸೇರಿಸಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಇನ್ನು, ಸ್ಕ್ಯಾನ್ ಮಾಡಿದ ಕಾಗದಗಳು 25 ಎಂಬಿ ದಾಟಿದರೆ ಡ್ರೈವ್ ಲಿಂಕ್ ಆಗಿ ಹೋಗುತ್ತವೆ. ಆಗ ‘ಅಟ್ಯಾಚ್ಡ್’ ಬರೆಯುವುದಿಲ್ಲ, ‘ಹಿಯರ್ ಈಸ್ ದ ಲಿಂಕ್’ ಅನ್ನುತ್ತೇನೆ. ಇಲ್ಲದಿದ್ದರೆ ಅವರು ಫೈಲ್ ಎಲ್ಲಿ ಅಂತ ಮೇಲ್‌ನ ಕೊನೆಯಲ್ಲಿ ಹುಡುಕುತ್ತಾ ಕೂರುತ್ತಾರೆ.